ಅಂಚೆಯಣ್ಣನಿಗೆ ನಾಲ್ಕೂವರೆ ನಕ್ಷತ್ರ, ಬ್ಯಾಂಕಿಗೆ ಒಂದು

ಪೂರ್ತಿ ಓದುವಷ್ಟು ವ್ಯವಧಾನ ಇಲ್ಲದವರಿಗಾಗಿ ಅಂಕಗಳನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗವಿಕಲ ವೇತನವನ್ನು ಮನೆಬಾಗಿಲಿಗೆ ತಂದು ಕೈಗೆ ಕೊಡುವ ಅಂಚೆ ಪಾವತಿ ಬ್ಯಾಂಕಿನ ಸೇವೆಗೆ ಐದರಲ್ಲಿ ನಾಲ್ಕೂವರೆ. ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಯಿತೆಂದು ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್‌ಗೆ ನಾಲ್ಕು. ನಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆಗೆ ಐದಕ್ಕೆ ಐದು. ನನ್ನ ವೇತನವನ್ನು ಮಳೆಗಾಲವಿಡೀ ಮಡಿಲಲ್ಲಿಟ್ಟುಕೊಂಡು, ಅದರಿಂದಲೇ ತನ್ನ ದಕ್ಷಿಣೆಯನ್ನೂ ಕಡಿದುಕೊಂಡ ಬ್ಯಾಂಕ್ ಶಾಖೆಗೆ ಒಂದು. ಅದರ ಹೆಸರನ್ನು ಬರೆಯುವುದಿಲ್ಲ. ಬರೆದರೆ ಉಳಿದ ಬ್ಯಾಂಕುಗಳು ತಾವು ಪಾರಾದೆವೆಂದು ತಿಳಿದುಕೊಳ್ಳುತ್ತವೆ.

ನಾನು ಉಡುಪಿ ತಾಲ್ಲೂಕಿನಲ್ಲಿ ಮನೆಯಲ್ಲೇ ಕುಳಿತು ರವಿಕೆ ಹೊಲಿಯುವವಳು. ಚಿಕ್ಕಂದಿನ ಪೋಲಿಯೊ, ಎಡಗಾಲಿಗೆ ಆಸರೆಯ ಕ್ಯಾಲಿಪರ್ ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲಿ ಶೇ 60 ಎಂದು ಬರೆದಿದೆ. ಶೇ 40ರಿಂದ 75ರೊಳಗಿನವರಿಗೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಮೇಲಿನವರಿಗೆ 1400. ಈ 800 ಕೂಡ 2021ರ ಜುಲೈಯವರೆಗೆ 600 ಇತ್ತು. ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ದಿನವೇ ಏರಿಸಿದ್ದು. ಎಂಟುನೂರು ಯಾವ ಮೂಲೆಗೆ ಎಂದು ಕೇಳುವವರು ಆಟಿ ತಿಂಗಳಲ್ಲಿ ನಮ್ಮ ಮನೆಗೆ ಬರಬೇಕು. ಆಟಿಯಲ್ಲಿ ತುಳುನಾಡಿನಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಮದುವೆಯಿಲ್ಲದ ಮೇಲೆ ರೇಷ್ಮೆ ರವಿಕೆಯೂ ಇಲ್ಲ, ಲೈನಿಂಗೂ ಇಲ್ಲ, ಕುಚ್ಚೂ ಇಲ್ಲ. ಹೊರಗೆ ಮಳೆ ಹೊಯ್ಯುತ್ತಿರುತ್ತದೆ, ಒಳಗೆ ಯಂತ್ರಕ್ಕೆ ಬಟ್ಟೆ ಹೊದೆಸಿ ಕುಳಿತಿರುತ್ತೇನೆ. ಕರೆಂಟ್ ಬಿಲ್ಲು, ಗ್ಯಾಸ್, ಅಮ್ಮನ ಬಿಪಿ ಮಾತ್ರೆ ಎಲ್ಲವೂ ಆ ಎಂಟುನೂರರ ಮೇಲೆಯೇ ಕಣ್ಣಿಟ್ಟಿರುತ್ತವೆ. ವೇತನ ನಿಂತದ್ದು ಸರಿಯಾಗಿ ಆಗಲೇ.

ಮೊದಲ ತಿಂಗಳು ಯಾರೂ ಗಾಬರಿಯಾಗುವುದಿಲ್ಲ. ಎರಡು ತಿಂಗಳದ್ದು ಒಟ್ಟಿಗೆ ಬಂದ ಅನುಭವ ನಮಗೆಲ್ಲ ಇದೆ. ಅದಾದ ಮೇಲೂ ಬಾರದಿದ್ದಾಗ ಕೊಡೆ ಬಿಡಿಸಿಕೊಂಡು ಹೊರಟೆ. ನನ್ನ ಹಳೆಯ ಖಾತೆ ಇರುವ ಬ್ಯಾಂಕಿನಲ್ಲಿ ಕೇಳಿದರೆ "ಮೇಲಿನಿಂದಲೇ ಬಂದಿಲ್ಲ ಅಮ್ಮ" ಎಂದರು. ಪಿಂಚಣಿ ನೋಡುವ ಕಚೇರಿಯಲ್ಲಿ ಕೇಳಿದರೆ "ಇಲ್ಲಿಂದ ಹೋಗಿದೆಯಲ್ಲ, ಬ್ಯಾಂಕಿನಲ್ಲಿ ವಿಚಾರಿಸಿ" ಎಂದರು. ಮತ್ತೊಮ್ಮೆ ಹೋದಾಗ ಸರ್ವರ್ ಇರಲಿಲ್ಲ. ಇನ್ನೊಮ್ಮೆ ಸರ್ವರ್ ಇತ್ತು, ವಿಷಯ ನಿರ್ವಾಹಕರು ಇರಲಿಲ್ಲ. ಈಗ ತಣ್ಣಗೆ ಯೋಚಿಸಿದರೆ ಇಬ್ಬರೂ ಸುಳ್ಳು ಹೇಳಿರಲಿಲ್ಲ ಎಂದು ಗೊತ್ತಾಗುತ್ತದೆ. ಹಣ ಕಚೇರಿಯಿಂದ ಹೋಗಿತ್ತು, ಆ ಬ್ಯಾಂಕಿಗೆ ಬಂದಿರಲಿಲ್ಲ. ನಡುವೆ ಎಲ್ಲಿದೆ ಎಂದು ನೋಡಿ ಹೇಳುವುದು ತಮ್ಮ ಕೆಲಸವೆಂದು ಇಬ್ಬರಿಗೂ ಅನ್ನಿಸಿರಲಿಲ್ಲ, ಅಷ್ಟೆ. ನೋಡಲು ಎರಡು ನಿಮಿಷ ಸಾಕಾಗುತ್ತದೆ ಎನ್ನುವುದು ನನಗೆ ಗೊತ್ತಾದದ್ದು ಕೂಡ ಇಬ್ಬರಿಂದಲ್ಲ.

ಅಷ್ಟರಲ್ಲಿ ಬಸ್ಸಿನ ಬಗ್ಗೆ ಒಂದು ಮಾತು. ನಮಗೆ ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸ್ ಇದೆ, ವಾಸಸ್ಥಳದಿಂದ ನೂರು ಕಿಲೋಮೀಟರ್‌ವರೆಗೆ. ಆದರೆ ಉಡುಪಿ ಖಾಸಗಿ ಬಸ್ಸುಗಳ ಊರು. ನರ್ಮ್ ಎಂದು ಕರೆಯುವ ಸರ್ಕಾರಿ ನಗರ ಬಸ್ಸಿಗೆ ಕಾದರೆ ಕಚೇರಿಯ ಊಟದ ಹೊತ್ತಾಗುತ್ತದೆ, ಖಾಸಗಿ ಬಸ್ಸು ಹತ್ತಿದರೆ ಪೂರ್ತಿ ಟಿಕೆಟು. ಮೆಟ್ಟಿಲ ಮೇಲೆ ಕ್ಯಾಲಿಪರ್ ಕಾಲು ಎತ್ತಿಡುವ ಮೊದಲೇ "ರೈಟ್, ಪೋಯಿ" ಎಂದು ಸೀಟಿ ಊದುತ್ತಾರೆ. ಬಾರದ ಹಣವನ್ನು ಹುಡುಕಲು ಇರುವ ಹಣವೂ ಹೀಗೆ ಕರಗುತ್ತದೆ.

ನನ್ನನ್ನು ಈ ಓಡಾಟದಿಂದ ಬಿಡಿಸಿದವರು ಪಂಚಾಯಿತಿಯ ವಿಆರ್‌ಡಬ್ಲ್ಯು. ಅವರೂ ನನ್ನಂತೆ ಕಾಲು ಎಳೆದು ನಡೆಯುವವರೇ. ಗೌರವಧನದ ಮೇಲೆ ದುಡಿಯುತ್ತಾರೆ. ಅಂಗವಿಕಲರಿಗೆ ಸಂಬಂಧಿಸಿದ ಎಲ್ಲ ಕಾಗದಗಳೂ ಅವರ ಹೆಗಲ ಚೀಲದಲ್ಲಿರುತ್ತವೆ. ಅವರು ಮೊದಲು ಕೇಳಿದ ಪ್ರಶ್ನೆಯೇ ಬೇರೆ: "ನಿಮ್ಮ ವಾರ್ಡಿನಲ್ಲಿ ಬೇರೆಯವರಿಗೆ ಬಂದಿದೆಯಾ?" ವೇತನ ನಿಂತವರು ಕಚೇರಿಗೆ ಓಡುವ ಮೊದಲು ಈ ಪ್ರಶ್ನೆಯನ್ನು ಪಕ್ಕದ ಮನೆಯಲ್ಲಿ ಕೇಳಬೇಕು. ಊರಿಗೆಲ್ಲ ಬಂದಿಲ್ಲವಾದರೆ ತಡವಾಗಿರುವುದು ಖಜಾನೆಯಲ್ಲಿ. ಕಾಯುವುದನ್ನು ಬಿಟ್ಟು ಬೇರೆ ದಾರಿಯಿಲ್ಲ, ಬಸ್ಸಿನ ದುಡ್ಡು ದಂಡ. ಎಲ್ಲರಿಗೂ ಬಂದು ನಿಮಗೊಬ್ಬರಿಗೇ ಬಂದಿಲ್ಲವಾದರೆ ತೊಡಕಿರುವುದು ನಿಮ್ಮ ಆಧಾರ್ ಮತ್ತು ಬ್ಯಾಂಕಿನ ನಡುವೆ. ನನ್ನದು ಎರಡನೆಯ ಬಗೆ. ಎರಡು ಮನೆ ಆಚೆಗಿನ ವಿಧವಾ ವೇತನದ ಅಕ್ಕನಿಗೆ ತಿಂಗಳು ತಿಂಗಳೂ ಬರುತ್ತಿತ್ತು.

ಎರಡನೆಯ ಪ್ರಶ್ನೆ: "ಎನ್‌ಪಿಸಿಐ ನೋಡಿದ್ದೀರಾ?" ಈಗ ನಮ್ಮ ಕಡೆ ಅಜ್ಜಿಯರೂ "ಎನ್‌ಪಿಸಿಐ ಮಾಡಿಸಿದೆ" ಎನ್ನುತ್ತಾರೆ, ಹಲ್ಲು ಕಟ್ಟಿಸಿದೆ ಎನ್ನುವ ಹಾಗೆ. ಸಂಗತಿ ಇಷ್ಟು. ಆಧಾರ್ ಮೂಲಕ ಬರುವ ಸರ್ಕಾರದ ಹಣ ನಾವು ಅರ್ಜಿಯಲ್ಲಿ ಬರೆದುಕೊಟ್ಟ ಖಾತೆ ಸಂಖ್ಯೆಯನ್ನು ನೋಡಿ ಹೋಗುವುದಿಲ್ಲ. ಆಧಾರ್ ಸಂಖ್ಯೆಗೆ ಹೋಗುತ್ತದೆ. ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬ ಪಟ್ಟಿ ರಾಷ್ಟ್ರೀಯ ಪಾವತಿ ನಿಗಮದ, ಅಂದರೆ ಈ ಎನ್‌ಪಿಸಿಐ ಬಳಿ ಇರುತ್ತದೆ. ಒಂದು ಆಧಾರ್‌ಗೆ ಒಂದು ಹೊತ್ತಿನಲ್ಲಿ ಒಂದೇ ಬ್ಯಾಂಕು. ಕೊನೆಗೆ ಯಾರು ಜೋಡಿಸಿದರೋ ಅವರಿಗೆ. ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯುವಾಗ ಅರ್ಜಿಯ ಯಾವುದೋ ಮೂಲೆಯ ಚೌಕದಲ್ಲಿ ಒಂದು ಗುರುತು ಬಿದ್ದರೆ ಸಾಕು, ವೇತನ ಹಳೆಯ ಮನೆ ಬಿಟ್ಟು ಹೊಸ ಮನೆಗೆ ನಡೆಯುತ್ತದೆ. ಹಳೆಯ ಬ್ಯಾಂಕಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಇದು ಹಳ್ಳಿಯವರಿಗೆ ಮಾತ್ರ ಆಗುವಂಥದ್ದೂ ಅಲ್ಲ. 2017ರಲ್ಲಿ ದೇಶದ ದೊಡ್ಡ ಮೊಬೈಲ್ ಕಂಪನಿಯೊಂದರ ಪಾವತಿ ಬ್ಯಾಂಕಿಗೆ ಹೀಗೆಯೇ ಜನರ ಗ್ಯಾಸ್ ಸಬ್ಸಿಡಿ ಹರಿದುಹೋಗಿ, ಆಧಾರ್ ಪ್ರಾಧಿಕಾರ ಆಧಾರ್ ಮೂಲಕ ಗ್ರಾಹಕರ ಗುರುತು ಪರಿಶೀಲಿಸುವ ಅದರ ಇ-ಕೆವೈಸಿ ಪರವಾನಗಿಯನ್ನೇ ಅಮಾನತಿನಲ್ಲಿಟ್ಟಿತ್ತು.

ಇದನ್ನೆಲ್ಲ ನೋಡಿಕೊಳ್ಳಲು ಡಿಬಿಟಿ ಕರ್ನಾಟಕ ಎಂಬ ಆ್ಯಪ್ ಇದೆ. ಆಧಾರ್ ಸಂಖ್ಯೆ ಹಾಕಿ, ಮೊಬೈಲಿಗೆ ಬರುವ ಒಟಿಪಿ ಕೊಟ್ಟು, ನಾಲ್ಕಂಕಿಯ ಗುಟ್ಟಿನ ಸಂಖ್ಯೆ ಇಟ್ಟುಕೊಂಡರೆ ಯಾವ ಯೋಜನೆಯ ಹಣ ಯಾವಾಗ ಪಾವತಿಯಾಗಿದೆ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ತೋರಿಸುತ್ತದೆ. ಒಟಿಪಿ ಬರಬೇಕಾದರೆ ಆಧಾರ್‌ನಲ್ಲಿ ಈಗ ಬಳಸುವ ಮೊಬೈಲ್ ಸಂಖ್ಯೆ ಇರಬೇಕು. ನನ್ನದರಲ್ಲಿ ಅಣ್ಣ ಮುಂಬೈಗೆ ಹೋಗುವ ಮೊದಲು ಬಳಸುತ್ತಿದ್ದ ಸಂಖ್ಯೆ ಇತ್ತು. ಅದನ್ನು ಬದಲಿಸಿಕೊಟ್ಟವರು ನಮ್ಮ ಅಂಚೆಯಣ್ಣ, ನಮ್ಮ ಜಗಲಿಯಲ್ಲೇ. 2021ರಿಂದ ಅಂಚೆಯವರಿಗೆ ಆ ಅಧಿಕಾರ ಇದೆಯಂತೆ. ಶುಲ್ಕಕ್ಕೆ ರಸೀದಿ ಕೊಟ್ಟರು.

ಆ್ಯಪ್ ತೆರೆದರೆ ತಿಂಗಳ ಸಾಲುಗಳು ಒಂದೂ ತಪ್ಪಿಲ್ಲ! ಎಲ್ಲದರ ಮುಂದೆಯೂ ಪಾವತಿಯಾಗಿದೆ ಎಂದಿದೆ. ಬ್ಯಾಂಕಿನ ಹೆಸರು ಮಾತ್ರ ನಾನು ಮೋಟಾರ್ ಹೊಲಿಗೆ ಯಂತ್ರದ ಸಾಲಕ್ಕೆಂದು ಖಾತೆ ತೆರೆದಿದ್ದ ಶಾಖೆಯದ್ದು. ಸಾಲದ ಖಾತೆಯ ಜೊತೆಗೆ ಒಂದು ಉಳಿತಾಯ ಖಾತೆ ಬೇಕೇ ಬೇಕು ಎಂದು ಅಲ್ಲಿಯವರು ತೆರೆಸಿದ್ದರು. ವೇತನ ಇಲ್ಲಿಗೆ ಬರಲೇ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಆ ಪಾಸ್‌ಬುಕ್ ಮುದ್ರಿಸಿಕೊಂಡು ಬಂದ ದಿನ ಅದನ್ನು ಕತ್ತರಿಯ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿದೆ. ಜಮೆ 800.00. ಅದರ ಕೆಳಗೆ ಖರ್ಚು 177.00, ಕನಿಷ್ಠ ಮೊತ್ತ ಇಲ್ಲದ್ದಕ್ಕೆ. ಮತ್ತೆ ಜಮೆ 800.00. ಖರ್ಚು 17.70, ಎಸ್‌ಎಂಎಸ್ ಶುಲ್ಕ. ಮತ್ತೆ 177.00. ನೂರೈವತ್ತು ದಂಡ, ಅದರ ಮೇಲೆ ಶೇ 18 ಜಿಎಸ್‌ಟಿ ಇಪ್ಪತ್ತೇಳು. ಬಡತನಕ್ಕೆ ಹಾಕಿದ ದಂಡದ ಮೇಲೂ ತೆರಿಗೆ ಇರುತ್ತದೆ ಎಂದು ಆ ದಿನ ತಿಳಿಯಿತು. ಎಸ್‌ಎಂಎಸ್ ಶುಲ್ಕವಂತೂ ಇನ್ನೂ ಚೆನ್ನ: ಆ ಎಸ್‌ಎಂಎಸ್‌ಗಳಲ್ಲಿ ಒಂದಾದರೂ ನನಗೆ ತಲುಪಿದ್ದರೆ ಮಳೆಯಲ್ಲಿ ಅಲೆಯುವ ಕೆಲಸವೇ ಇರುತ್ತಿರಲಿಲ್ಲ.

ಆ ಶಾಖೆ ಮೊದಲ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ಕೈಹಿಡಿ ಒಂದೇ ಬದಿಗಿದೆ, ಅದೂ ಇಳಿಯುವಾಗ ನನ್ನ ತಪ್ಪು ಕೈಗೆ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸಾರ್ವಜನಿಕರು ಬಳಸುವ ಹಳೆಯ ಕಟ್ಟಡಗಳನ್ನೂ ನಿಯಮ ಬಂದ ಐದು ವರ್ಷದೊಳಗೆ ನಮಗೆ ಅನುಕೂಲವಾಗುವಂತೆ ಮಾಡಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು ಎಂದು ಮುಗಿಯಿತೆಂದು ನೀವೇ ಲೆಕ್ಕ ಹಾಕಿಕೊಳ್ಳಿ. ನಮ್ಮದು ಬ್ಯಾಂಕುಗಳ ತವರು ಎಂದು ಹೆಮ್ಮೆಪಡುವ ಜಿಲ್ಲೆ. ಕೆನರಾ ಮತ್ತು ಕಾರ್ಪೊರೇಷನ್ 1906ರಲ್ಲಿ, ಕರ್ನಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ, ಎಲ್ಲವೂ ಅವಿಭಜಿತ ದಕ್ಷಿಣ ಕನ್ನಡದಲ್ಲೇ ಹುಟ್ಟಿದವು. 1928ರಲ್ಲಿ ಶುರುವಾದ ಪಿಗ್ಮಿಯಲ್ಲಿ ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳಲು ಏಜೆಂಟರು ಮನೆ ಮನೆಗೆ ನಡೆದು ಬರುತ್ತಿದ್ದರು. ನಮ್ಮ ಅಜ್ಜಿ ಬೀಡಿ ಕಟ್ಟಿದ ದುಡ್ಡಿನಲ್ಲಿ ಪಿಗ್ಮಿ ಕಟ್ಟಿದವಳು. ಬ್ಯಾಂಕು ಎಂದರೆ ಸಂಜೆ ಅಂಗಳಕ್ಕೆ ಬರುವ ಮನುಷ್ಯ ಎಂದೇ ಅವಳಿಗೆ ಗೊತ್ತಿದ್ದುದು. ಎರಡಾಣೆ ಕೊಂಡೊಯ್ಯಲು ಮನೆಗೆ ಬರಲು ಸಾಧ್ಯವಿತ್ತು ಎಂದಾದರೆ ಎಂಟುನೂರು ಕೊಡಲು ಕೆಳಗಿಳಿದು ಬರಲು ಯಾಕೆ ಆಗುವುದಿಲ್ಲ? ವ್ಯವಸ್ಥಾಪಕರನ್ನು ಇದನ್ನೇ ಕೇಳಿದೆ. ನಕ್ಕರು.

ದಂಡದ ವಿಷಯದಲ್ಲಿ ನಗಲು ಬಿಡಲಿಲ್ಲ. ಕನಿಷ್ಠ ಮೊತ್ತ ಬೇಡದ ಮೂಲ ಉಳಿತಾಯ ಖಾತೆಯನ್ನು ಎಲ್ಲ ಬ್ಯಾಂಕುಗಳೂ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ. ಕಡಿದುಕೊಂಡದ್ದನ್ನು ಮರಳಿಸಿ ಎಂದು ಬರೆದುಕೊಟ್ಟು, ಅರ್ಜಿಯ ನಕಲಿನ ಮೇಲೆ ಮೊಹರು ಹಾಕಿಸಿಕೊಂಡೆ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, 14448 ಸಂಖ್ಯೆಗೆ ಕರೆ ಮಾಡಿ ಕೇಳಿಕೊಳ್ಳಬಹುದು ಎಂದು ಅದರಲ್ಲೇ ಕೊನೆಯ ಸಾಲಾಗಿ ಬರೆದಿದ್ದೆ. ಆ ಸಾಲಿನ ಮೇಲೆ ಅವರ ಪೆನ್ನು ಸ್ವಲ್ಪ ಹೊತ್ತು ನಿಂತಿತು. 177ರ ದಂಡಗಳು ಮರಳಿ ಜಮೆಯಾದವು. ಎಸ್‌ಎಂಎಸ್ ಶುಲ್ಕ ಮಾತ್ರ "ಸಿಸ್ಟಮ್ ತೆಗೆದುಕೊಳ್ಳುತ್ತದೆ, ನಮ್ಮ ಕೈಯಲ್ಲಿಲ್ಲ" ಎಂದರು. ಒಂದು ನಕ್ಷತ್ರ ಉಳಿದದ್ದು ಆ ಮರಳಿಕೆಯಿಂದ.

ಇನ್ನು ಅಂಚೆಯ ಮಾತಿಗೆ ಬರುತ್ತೇನೆ. ಹಿಂದೆ ವೇತನ ಮನಿಯಾರ್ಡರಿನಲ್ಲೇ ಬರುತ್ತಿತ್ತು. ಅಂಚೆಯವರು ನೋಟು ಎಣಿಸಿ, ಸಹಿ ಹಾಕಿಸಿ, ಒಂದು ಲೋಟ ನೀರು ಕುಡಿದು ಹೋಗುತ್ತಿದ್ದರು. ಕೆಲವರು ಹತ್ತೋ ಇಪ್ಪತ್ತೋ ಇರಲಿ ಎಂದು ಕೊಡುತ್ತಿದ್ದರು, ಕೆಲವು ಕಡೆ ಕೇಳಿಯೂ ಪಡೆಯುತ್ತಿದ್ದರು. ಆ ಕಾಲವನ್ನು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ಆದರೆ ಬಾರದ ತಿಂಗಳು ಯಾಕೆ ಬಂದಿಲ್ಲ ಎಂದು ಕೇಳಲು ಬಾಗಿಲಲ್ಲಿ ಒಂದು ಮುಖ ಇರುತ್ತಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಶುರುವಾದ ಅಂಚೆ ಪಾವತಿ ಬ್ಯಾಂಕು ಆ ಮುಖವನ್ನು ಮರಳಿ ತಂದಿದೆ. ನಾನು ಅಲ್ಲಿ ಖಾತೆ ತೆರೆದು ಆಧಾರ್ ಜೋಡಣೆಯನ್ನು ಅಲ್ಲಿಗೇ ಬದಲಿಸಿಕೊಂಡೆ. ಈ ಬಾರಿ ಆ ಚೌಕದ ಗುರುತನ್ನು ನಾನೇ ಹಾಕಿದೆ. ಬೇರೆ ಬ್ಯಾಂಕಿನ ಖಾತೆ ಇರುವವರಿಗೂ ಅಂಚೆಯವರು ಆಧಾರ್ ಮೇಲೆ ಹಣ ತೆಗೆದುಕೊಡುತ್ತಾರೆ, ಒಮ್ಮೆಗೆ ಹತ್ತು ಸಾವಿರದವರೆಗೆ. ಶುಲ್ಕ ಇದೆಯೇ, ಎಷ್ಟು ಎಂದು ಮೊದಲೇ ಕೇಳಿಕೊಳ್ಳಿ.

ಅರ್ಧ ನಕ್ಷತ್ರ ಕಡಿಮೆಯಾದದ್ದು ಬೆರಳಚ್ಚಿನ ಯಂತ್ರದಿಂದ. ರವಿಕೆಗೆ ಹುಕ್ ಹಾಕುವವರ ಎಡಗೈ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿರುತ್ತದೆ. ಬಲಗೈ ಹೆಬ್ಬೆರಳು ಕತ್ತರಿಯ ಹಿಡಿಗೆ ಸವೆದಿರುತ್ತದೆ. ಯಂತ್ರದ ಮೇಲೆ ಹೆಬ್ಬೆರಳು ಒತ್ತಿದರೆ ಮೊಬೈಲಿನಲ್ಲಿ ಆಗಲಿಲ್ಲ ಎಂದು ಬರುತ್ತದೆ. ಅಂಚೆಯಣ್ಣ ಗಾಜನ್ನು ತಮ್ಮ ಅಂಗಿಯ ತುದಿಯಿಂದ ಒರೆಸಿ, ನನ್ನ ಕೈ ತೊಳೆಸಿ, ಒಂದೊಂದೇ ಬೆರಳು ಇಡಿಸಿ ನೋಡಿದರು. ಕೊನೆಗೆ ಎಡಗೈ ಉಂಗುರ ಬೆರಳು ಒಪ್ಪಿಗೆಯಾಯಿತು. ಅದನ್ನು ತಮ್ಮ ಪುಸ್ತಕದ ರಟ್ಟಿನ ಒಳಗೆ ನನ್ನ ಹೆಸರಿನ ಮುಂದೆ ಬರೆದಿಟ್ಟುಕೊಂಡಿದ್ದಾರೆ. ಬೀಡಿ ಕಟ್ಟುವ ಹೆಂಗಸರ ಹೆಸರುಗಳೂ ಆ ಪಟ್ಟಿಯಲ್ಲಿ ಇವೆ, ಪ್ರತಿಯೊಬ್ಬರ ಮುಂದೆಯೂ ಅವರವರ ಬೆರಳು. ಸೇವೆಗೆ ನಾಲ್ಕೂವರೆ, ಆ ರಟ್ಟಿನ ಪಟ್ಟಿಗೆ ಅಂಕ ಹಾಕುವ ಜಾಗ ನನಗೆ ಸಿಕ್ಕಿಲ್ಲ.

ಪಿಂಚಣಿ ಕಚೇರಿಗೆ ಅಂಕ ಕೊಡಲಿಲ್ಲವಲ್ಲ ಎನ್ನುವವರಿಗೆ: ಎರಡು. ಅರ್ಜಿ ಮಂಜೂರು ಮಾಡಿಕೊಡುವುದರಲ್ಲಿ ಅವರದು ತಪ್ಪಿಲ್ಲ. ಸಕಾಲದ ಸ್ವೀಕೃತಿ ಸಂಖ್ಯೆ ಕೊಟ್ಟರು, ಹೇಳಿದ ಅವಧಿಯೊಳಗೆ ಆದೇಶ ಬಂತು. ಮಂಜೂರಾದ ಹಣ ಆಮೇಲೆ ಎಲ್ಲಿ ತಿರುಗಾಡುತ್ತಿದೆ ಎಂದು ಆ್ಯಪ್‌ನಲ್ಲಿ ನನಗೆ ಕಾಣುವಷ್ಟಾದರೂ ಅವರ ಕಂಪ್ಯೂಟರಿನಲ್ಲಿ ನೋಡಿ ಹೇಳಿದರೆ ಮೂರನೆಯದನ್ನು ನಾನೇ ಹೋಗಿ ಕೊಟ್ಟು ಬರುತ್ತೇನೆ, ನರ್ಮ್ ಬಸ್ಸು ಸಿಕ್ಕಿದ ದಿನ.

ಯಂತ್ರದ ಸಾಲ ಮುಗಿದಿದೆ. ಆ ಉಳಿತಾಯ ಖಾತೆಯನ್ನು ಮುಚ್ಚಬೇಕು ಎಂದು ಫೋನ್ ಮಾಡಿದರೆ ಖುದ್ದಾಗಿ ಶಾಖೆಗೆ ಬನ್ನಿ ಎನ್ನುತ್ತಾರೆ. ಅರ್ಜಿ, ಪಾಸ್‌ಬುಕ್ಕಿನ ನಕಲು, ಯುಡಿಐಡಿ ಕಾರ್ಡಿನ ನಕಲು ಮೂರನ್ನೂ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿದ್ದೇನೆ. ಸಹಿ ಪರಿಶೀಲನೆಗೆ ಯಾರಾದರೂ ಬರುವುದಿದ್ದರೆ ಮಧ್ಯಾಹ್ನ ಮೂರರ ನಂತರ ಮನೆಯಲ್ಲೇ ಇರುತ್ತೇನೆ ಎಂದೂ ಬರೆದಿದ್ದೇನೆ.