ಮೊದಲು ಸಾವು, ಆಮೇಲೆ ಜಮೀನು, ಕೊನೆಗೆ ಹಡಗು: ಐರಿಶ್ ವಂಶದ ದಾಖಲೆ ತಾಣಗಳನ್ನು ವರ್ಷಗಟ್ಟಲೆ ಬಳಸಿದ ಮೇಲೆ

ನಾನು ಬಾಸ್ಟನ್ ಹತ್ತಿರ ಇರುವ ಕನ್ನಡತಿ. ಗಂಡನ ಮನೆಯವರು ಐರಿಶ್ ಮೂಲದವರು. ಅತ್ತೆಯ ಅಜ್ಜ ಮೇಯೊ ಕೌಂಟಿಯವರು ಅನ್ನುವುದಷ್ಟೇ ಮನೆಯಲ್ಲಿ ಉಳಿದಿದ್ದ ಸುದ್ದಿ. ಯಾವ ಊರು, ಅವರ ಅಪ್ಪ ಅಮ್ಮ ಯಾರು, ಹಿಂದೆ ಯಾರನ್ನು ಬಿಟ್ಟು ಬಂದರು, ಯಾರಿಗೂ ಗೊತ್ತಿರಲಿಲ್ಲ. ಅತ್ತೆಗೆ ವಯಸ್ಸಾಗುತ್ತಿದೆ. ಇದನ್ನು ತಿಳಿದುಕೊಳ್ಳಬೇಕು ಅನ್ನುವ ಆಸೆ ಅವರಿಗೆ ತುಂಬಾ. ಹಾಗಾಗಿ ಕೆಲವು ವರ್ಷಗಳಿಂದ ನಾವಿಬ್ಬರೂ ರಜೆಯ ದಿನ ಸಿಕ್ಕಾಗಲೆಲ್ಲ ಕೂತು ಹುಡುಕುತ್ತಿದ್ದೇವೆ.

ಅಂಕ ಮೊದಲೇ ಹೇಳಿಬಿಡುತ್ತೇನೆ. ಐರ್ಲೆಂಡ್ ಸರ್ಕಾರದ ಐರಿಶ್‌ಜೀನಿಯಾಲಜಿ ಡಾಟ್ ಐಇ ತಾಣಕ್ಕೆ ಐದಕ್ಕೆ ಐದು. ಜಮೀನಿನ ದಾಖಲೆ ಇರುವ ಆಸ್ಕ್ ಅಬೌಟ್ ಐರ್ಲೆಂಡ್ ತಾಣಕ್ಕೆ ನಾಲ್ಕೂವರೆ. ಹಡಗಿನ ಪ್ರಯಾಣಿಕರ ಪಟ್ಟಿಗಳಿಗೆ ಮೂರು, ಅದೂ ಯಾವ ವರ್ಷದ ಪಟ್ಟಿ ಅನ್ನುವುದರ ಮೇಲೆ. ಅಮೆರಿಕದಲ್ಲಿ ಹೆಚ್ಚಿನವರು ಹಡಗಿನಿಂದ ಶುರು ಮಾಡುತ್ತಾರೆ. ಅರ್ಧದಲ್ಲೇ ಕೈಬಿಡುವುದಕ್ಕೆ ಅದೇ ಕಾರಣ ಅಂತ ನನ್ನ ಗಟ್ಟಿ ಅಭಿಪ್ರಾಯ.

ಐರ್ಲೆಂಡಿನಲ್ಲಿ ಹುಡುಕುವುದು ಯಾಕೆ ಕಷ್ಟ ಅಂತ ಮೊದಲು ತಿಳಿದಿರಬೇಕು. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳಲ್ಲಿ ಬಹುಪಾಲು ಅಲ್ಲೇ ಬೂದಿಯಾದವು. ನಂತರದ ನಾಲ್ಕು ಗಣತಿಗಳ ಹಾಳೆಗಳನ್ನು ಸರ್ಕಾರವೇ ಅದಕ್ಕೂ ಮುಂಚೆ ನಾಶ ಮಾಡಿತ್ತು. ಹಾಗಾಗಿ ಪೂರ್ತಿಯಾಗಿ ಉಳಿದಿರುವ ಮೊದಲ ಗಣತಿ 1901ರದ್ದು. ಮಹಾ ಕ್ಷಾಮದ ಕಾಲದ ಸಾವುಗಳಿಗಂತೂ ಸರ್ಕಾರಿ ದಾಖಲೆಯೇ ಇಲ್ಲ, ಯಾಕೆಂದರೆ ಜನನ ಮರಣ ನೋಂದಣಿ ಶುರುವಾಗಿದ್ದೇ 1864ರಲ್ಲಿ. 1845ರಿಂದ ಏಳೆಂಟು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅವರಲ್ಲಿ ಎಷ್ಟೋ ಜನರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಇದನ್ನು ಅತ್ತೆಗೆ ವಿವರಿಸುವಾಗ ನನಗೆ ನಿಜವಾಗಿಯೂ ಸಂಕಟವಾಯಿತು.

ನಾವು ಶುರು ಮಾಡಿದ್ದು ಅಜ್ಜನ ಸಾವಿನಿಂದ. ಅವರು ತೀರಿಕೊಂಡಿದ್ದು ಮ್ಯಾಸಚೂಸೆಟ್ಸ್‌ನಲ್ಲಿ. ಈ ರಾಜ್ಯ 1841ರಿಂದಲೇ ಜನನ ಮರಣ ಬರೆದಿಟ್ಟುಕೊಂಡು ಬಂದಿದೆ. ಹಳೆಯ ಪುಸ್ತಕಗಳು ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅಜ್ಜನ ಮರಣ ದಾಖಲೆಯಲ್ಲಿ ಹುಟ್ಟಿದ ಸ್ಥಳ ಅನ್ನುವ ಕಡೆ ‘ಐರ್ಲೆಂಡ್’ ಅಂತ ಮಾತ್ರ ಇತ್ತು. ಆದರೆ ಅಪ್ಪನ ಹೆಸರು, ಅಮ್ಮನ ಹೆಸರು, ಅಮ್ಮನ ತವರು ಮನೆತನ ಮೂರೂ ಇದ್ದವು. ಅಷ್ಟು ಸಾಕು. ಮೇಯೊದಲ್ಲಿ ಒಂದೇ ಹೆಸರಿನ ಹತ್ತಾರು ಜನ ಸಿಗುತ್ತಾರೆ. ಗಂಡ ಹೆಂಡತಿಯ ಹೆಸರನ್ನು ಜೋಡಿಯಾಗಿ, ಹೆಂಡತಿಯ ತವರು ಹೆಸರು ಸೇರಿಸಿ ಹುಡುಕಿದರೆ ರಾಶಿ ತುಂಬಾ ಚಿಕ್ಕದಾಗುತ್ತದೆ.

ಆಮೇಲೆ ಐರಿಶ್‌ಜೀನಿಯಾಲಜಿಗೆ ಹೋದೆವು. 100 ವರ್ಷ ದಾಟಿದ ಜನನ, 75 ವರ್ಷ ದಾಟಿದ ಮದುವೆ, 50 ವರ್ಷ ದಾಟಿದ ಸಾವು, ಇವುಗಳ ಮೂಲ ಪುಟದ ಚಿತ್ರವೇ ಅಲ್ಲಿ ಸಿಗುತ್ತದೆ. ದುಡ್ಡಿಲ್ಲ, ಚಂದಾ ಇಲ್ಲ. ಅಜ್ಜ ಹುಟ್ಟಿದ್ದು 1864ಕ್ಕಿಂತ ಮುಂಚೆ, ಹಾಗಾಗಿ ಅವರ ಜನನ ಇರುವ ಪ್ರಶ್ನೆಯೇ ಇರಲಿಲ್ಲ. ಅವರ ತಮ್ಮ ತಂಗಿಯರದ್ದು ಇತ್ತು. ಅದೇ ಅಪ್ಪ, ಅದೇ ಅಮ್ಮ, ಅದೇ ತವರು ಹೆಸರು. ನೋಂದಣಿ ಜಿಲ್ಲೆ ಬೆಲ್‌ಮುಲೆಟ್. ಪಕ್ಕದ ಅಂಕಣದಲ್ಲಿ ಟೌನ್‌ಲ್ಯಾಂಡ್‌ನ ಹೆಸರು. ಟೌನ್‌ಲ್ಯಾಂಡ್ ಅಂದರೆ ಪಟ್ಟಣವಲ್ಲ, ಐರ್ಲೆಂಡಿನ ನೆಲವನ್ನು ಹಂಚಿರುವ ಅತಿ ಚಿಕ್ಕ ಘಟಕ. ಅಂಥವು 60,000ಕ್ಕೂ ಜಾಸ್ತಿ ಇವೆ. ಆ ಒಂದು ಹೆಸರು ಸಿಗದಿದ್ದರೆ ಮುಂದಿನ ಯಾವ ಬಾಗಿಲೂ ತೆರೆಯುವುದಿಲ್ಲ.

ನನಗೆ ಈ ತಾಣದಲ್ಲಿ ಅತ್ಯಂತ ಬೆಲೆಬಾಳುವುದು ಅನ್ನಿಸಿದ್ದು ಸಾವಿನ ಪುಟ. ಐರಿಶ್ ಮರಣ ನೋಂದಣಿಯಲ್ಲಿ ಸತ್ತವರ ಅಪ್ಪ ಅಮ್ಮನ ಹೆಸರು ಇರುವುದಿಲ್ಲ ಅಂತ ಜನ ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಹಾಗೆ ಮಾಡಬೇಡಿ. ಅಜ್ಜನ ಅಮ್ಮನ ಪುಟವನ್ನೇ ತೆಗೆದುಕೊಳ್ಳಿ. ವಿಧವೆ, ವಯಸ್ಸು ಎಂಬತ್ತು, ಇಂಥ ರೈತನ ಹೆಂಡತಿ. ಸಾವಿನ ಕಾರಣ: ಮುಪ್ಪು, ವೈದ್ಯರು ಯಾರೂ ನೋಡಿಲ್ಲ. ಅದರ ಪಕ್ಕದಲ್ಲಿ ಮಾಹಿತಿ ಕೊಟ್ಟವರ ಅಂಕಣ. ಅಲ್ಲಿ ಒಬ್ಬ ಹೆಂಗಸಿನ ಹೆಸರು, ನಡುವೆ ಒಂದು ಇಂಟು ಗುರುತು, ‘ಮಗಳು, ಸಾಯುವಾಗ ಹಾಜರಿದ್ದಳು’ ಅಂತ ಬರಹ. ಓದು ಬರಹ ಬಾರದ ಮಗಳು ರಿಜಿಸ್ಟ್ರಾರ್ ಹತ್ತಿರ ಹೋಗಿ ಅಮ್ಮನ ಸಾವು ಬರೆಸಿದ್ದಾಳೆ. ಅವಳ ಹೆಸರಿನ ಮುಂದೆ ಇದ್ದದ್ದು ಗಂಡನ ಮನೆತನದ ಹೆಸರು. ಆ ಮನೆತನದ ಬಗ್ಗೆ ಅತ್ತೆ ಅವತ್ತಿನವರೆಗೆ ಕೇಳಿಯೇ ಇರಲಿಲ್ಲ. ಇದು ಮುಂದೆ ಎಷ್ಟು ಕೆಲಸಕ್ಕೆ ಬಂತು ಅಂತ ಹಡಗಿನ ವಿಷಯದಲ್ಲಿ ಹೇಳುತ್ತೇನೆ.

ಈಗ ಜಮೀನು. ಗ್ರಿಫಿತ್ಸ್ ವ್ಯಾಲ್ಯುಯೇಶನ್ ಅನ್ನುವುದು ರಿಚರ್ಡ್ ಗ್ರಿಫಿತ್ ಅವರ ಮೇಲ್ವಿಚಾರಣೆಯಲ್ಲಿ ನಡೆದ ಭೂಮಿ ಮತ್ತು ಕಟ್ಟಡಗಳ ತೆರಿಗೆ ಮೌಲ್ಯಮಾಪನ. 1847ರಿಂದ 1864ರ ನಡುವೆ ಕೌಂಟಿ ಕೌಂಟಿಯಾಗಿ ಅಚ್ಚಾಯಿತು. ನಮ್ಮ ಊರಿನವರಿಗೆ ಒಂದೇ ಮಾತಲ್ಲಿ ಹೇಳಬೇಕೆಂದರೆ ಪಹಣಿ ಇದ್ದ ಹಾಗೆ. ನಕ್ಷೆಯ ಸಂಖ್ಯೆ, ಉಳುವವನ ಹೆಸರು, ಜಮೀನು ಯಾರಿಂದ ಗೇಣಿಗೆ ಪಡೆದದ್ದು, ಮನೆ ಇದೆಯೋ ಇಲ್ಲವೋ, ಎಕರೆ-ರೂಡ್-ಪರ್ಚ್ ಲೆಕ್ಕದಲ್ಲಿ ವಿಸ್ತೀರ್ಣ, ವಾರ್ಷಿಕ ಮೌಲ್ಯ. ಮನೆಯ ಯಜಮಾನನ ಹೆಸರು ಬಿಟ್ಟರೆ ಸಂಸಾರದ ಬೇರೆ ಯಾರ ಹೆಸರೂ ಇರುವುದಿಲ್ಲ. ಆದರೂ ಕ್ಷಾಮ ಕಳೆದ ಮೇಲೆ ಯಾರು ಉಳಿದಿದ್ದರು ಅಂತ ದೇಶದ ಉದ್ದಗಲಕ್ಕೂ ಹೇಳುವ ದಾಖಲೆ ಇದಕ್ಕಿಂತ ಬೇರೆ ಇಲ್ಲ.

ಆಸ್ಕ್ ಅಬೌಟ್ ಐರ್ಲೆಂಡ್‌ನಲ್ಲಿ ಇದನ್ನು ಹೆಸರಿನಿಂದಲೂ ಹುಡುಕಬಹುದು, ಊರಿನಿಂದಲೂ ಹುಡುಕಬಹುದು. ಊರಿನಿಂದಲೇ ಹುಡುಕಿ. ಟೌನ್‌ಲ್ಯಾಂಡ್‌ನ ಪುಟ ಪೂರ್ತಿ ಓದಿ. ನಮ್ಮ ಪುಟದಲ್ಲಿ ಒಂದೇ ಸಂಖ್ಯೆಯ ಕೆಳಗೆ ಹಲವು ರೈತರ ಹೆಸರು, ಎಲ್ಲವನ್ನೂ ಸೇರಿಸಿ ಹಾಕಿದ ಉದ್ದ ಆವರಣ ಚಿಹ್ನೆ (ಬ್ರಾಕೆಟ್), ವಿಸ್ತೀರ್ಣ ಮಾತ್ರ ಒಟ್ಟಾಗಿ ಒಂದೇ. ಮೊದಲು ನೋಡಿದಾಗ ಏನೂ ಅರ್ಥವಾಗಲಿಲ್ಲ. ಇದು ರನ್‌ಡೇಲ್ ಪದ್ಧತಿ. ಐರ್ಲೆಂಡಿನ ಪಶ್ಚಿಮದಲ್ಲಿ ಕೆಲವು ಸಂಸಾರಗಳು ಸೇರಿ ಜಮೀನು ಹಿಡಿದು, ಒಳ್ಳೆಯ ನೆಲ ಕೆಟ್ಟ ನೆಲ ಎರಡನ್ನೂ ಚೂರು ಚೂರಾಗಿ ಹಂಚಿಕೊಂಡು ಬೇಸಾಯ ಮಾಡುತ್ತಿದ್ದರು. ಹಾಗೆ ಕೂಡಿ ಹಿಡಿದವರು ಎಷ್ಟೋ ಸಲ ನೆಂಟರೇ. ಆ ಆವರಣದೊಳಗೆ ಅಜ್ಜನ ಅಪ್ಪನ ಹೆಸರಿತ್ತು, ಎರಡು ಸಾಲು ಕೆಳಗೆ ಅಜ್ಜನ ಅಮ್ಮನ ತವರು ಮನೆತನದ ಹೆಸರೂ ಇತ್ತು. ಒಂದೇ ಹೆಸರಿನ ಇಬ್ಬರು ರೈತರಿದ್ದ ಕಡೆ ಗುರುತಿಗೆ ಅಂತ ಅಪ್ಪನ ಹೆಸರನ್ನು ಆವರಣದಲ್ಲಿ ಸೇರಿಸಿರುವುದೂ ಉಂಟು. ಆ ಚಿಕ್ಕ ಪದ ಕಂಡರೆ ಬಿಡಬೇಡಿ, ಒಂದು ತಲೆಮಾರು ಹಿಂದಕ್ಕೆ ಕರೆದುಕೊಂಡು ಹೋಗುತ್ತದೆ.

ಅರ್ಧ ಅಂಕ ಕಡಿಮೆ ಕೊಟ್ಟಿದ್ದು ನಕ್ಷೆಗಾಗಿ. ತಾಣದಲ್ಲಿರುವ ನಕ್ಷೆಗಳು ಕೆಲವು ಕಡೆ ಆಮೇಲೆ ತಿದ್ದಿದವು. ಅಚ್ಚಾದ ಪಟ್ಟಿಯ ಸಂಖ್ಯೆಗೂ ನಕ್ಷೆಯ ಸಂಖ್ಯೆಗೂ ಎಲ್ಲ ಕಡೆ ತಾಳೆಯಾಗುವುದಿಲ್ಲ. ಮನೆ ಇದ್ದ ಜಾಗ ಇದೇ ಅಂತ ಬೆರಳಿಟ್ಟು ತೋರಿಸುವ ಮುಂಚೆ ಎರಡು ಸಲ ನೋಡಿ.

ಗ್ರಿಫಿತ್‌ಗೆ ಮುಂದುವರಿಕೆಯಾಗಿ ರಿವಿಜನ್ ಪುಸ್ತಕಗಳಿವೆ. ಮೇಯೊದ್ದು ಡಬ್ಲಿನ್‌ನಲ್ಲಿ ಇವೆ, ನಾವು ಪ್ರತಿ ತರಿಸಿಕೊಂಡೆವು. ಖರ್ಚು ಮಾಡಿದ ಒಂದೊಂದು ಪೈಸೆಗೂ ಬೆಲೆ ಬಂತು. ಜಮೀನು ಕೈ ಬದಲಾದಾಗ ಹಳೆಯ ಹೆಸರಿಗೆ ಬಣ್ಣದ ಶಾಯಿಯಲ್ಲಿ ಗೆರೆ ಎಳೆದು, ಹೊಸ ಹೆಸರು ಬರೆದು, ಅಂಚಿನಲ್ಲಿ ವರ್ಷ ಹಾಕಿದ್ದಾರೆ. ಅಜ್ಜನ ಅಪ್ಪನ ಹೆಸರಿಗೆ ಗೆರೆ, ಮೇಲೆ ವಿಧವೆಯ ಹೆಸರು. ಅದಕ್ಕೂ ಗೆರೆ, ಮೇಲೆ ಕಿರಿಯ ಮಗನ ಹೆಸರು. ಅಂಚಿನ ವರ್ಷ ಸಾವಿಗಿಂತ ಸ್ವಲ್ಪ ತಡವಾಗಿ ಬೀಳುವುದು ಮಾಮೂಲು, ಹಾಗಾಗಿ ಅದಕ್ಕಿಂತ ಮುಂಚಿನ ನಾಲ್ಕೈದು ವರ್ಷಗಳ ಸಾವುಗಳನ್ನು ಹುಡುಕಬೇಕು. ಅಪ್ಪನ ಮರಣ ದಾಖಲೆ ನಮಗೆ ಸಿಕ್ಕಿದ್ದು ಹಾಗೆಯೇ. ಮುಂದೆ ಒಂದು ಕಡೆ ಎಳೆ ಥಟ್ಟನೆ ಕಡಿದುಹೋದ ಹಾಗೆ ಕಂಡಿತು: ಸಂಖ್ಯೆಗಳೆಲ್ಲ ಬದಲಾಗಿದ್ದವು, ಜಮೀನ್ದಾರನ ಹೆಸರಿನ ಜಾಗದಲ್ಲಿ ಕಂಜೆಸ್ಟೆಡ್ ಡಿಸ್ಟ್ರಿಕ್ಟ್ಸ್ ಬೋರ್ಡ್ ಅಂತ ಬಂದಿತ್ತು. 1891ರಲ್ಲಿ ಶುರುವಾದ ಈ ಮಂಡಳಿ ಪಶ್ಚಿಮದ ಎಸ್ಟೇಟುಗಳನ್ನು ಕೊಂಡು, ಚೂರುಗಳನ್ನು ಒಟ್ಟುಗೂಡಿಸಿ ರೈತರಿಗೆ ಮತ್ತೆ ಹಂಚಿತು. ಹಳೆಯ ಸಂಖ್ಯೆ ಬಿಟ್ಟು ಹೆಸರು ಹಿಡಿದು ಹೋದರೆ ಎಳೆ ಮತ್ತೆ ಸಿಗುತ್ತದೆ.

ಗಣತಿಯ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ರಾಷ್ಟ್ರೀಯ ಪತ್ರಾಗಾರದಲ್ಲಿ 1901 ಮತ್ತು 1911ರದ್ದು ಉಚಿತ, ಬಳಸುವುದು ಸುಲಭ. ವಯಸ್ಸನ್ನು ಮಾತ್ರ ನಂಬಬೇಡಿ. 1909ರ ಜನವರಿಯಿಂದ 70 ವರ್ಷ ದಾಟಿದವರಿಗೆ ವೃದ್ಧಾಪ್ಯ ಪಿಂಚಣಿ ಬಂತು. 1901ರಲ್ಲಿ 58 ಅಂತ ಬರೆಸಿದವರು 1911ರಲ್ಲಿ 73 ಆಗಿರುವುದು ಸಾಮಾನ್ಯ. ಹುಟ್ಟಿದ ದಿನ ಬಹಳ ಜನರಿಗೆ ಸರಿಯಾಗಿ ಗೊತ್ತೇ ಇರಲಿಲ್ಲ. 1911ರಲ್ಲಿ ಮದುವೆಯಾದ ಹೆಂಗಸರಿಗೆ ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಅಂತ ಕೇಳಿದ್ದಾರೆ. ಆ ಎರಡು ಅಂಕಿ ನೋಡಿದ ಮೇಲೆ ಅತ್ತೆ ಆ ದಿನ ಬೇರೇನೂ ಹುಡುಕಲಿಲ್ಲ.

ಇನ್ನು ಹಡಗು. 1880ರ ದಶಕದ ಅಮೆರಿಕನ್ ಪಟ್ಟಿಗಳಲ್ಲಿ ಹೆಸರು, ವಯಸ್ಸು, ಕೆಲಸ, ದೇಶ ಇಷ್ಟೇ. ‘22 ವರ್ಷ, ಕೂಲಿ, ಐರ್ಲೆಂಡ್’ ಅಂತ ಇಟ್ಟುಕೊಂಡು ಯಾರನ್ನು ಗುರುತಿಸುತ್ತೀರಿ? ಬ್ರಿಟನ್ ಮತ್ತು ಐರ್ಲೆಂಡಿನಿಂದ ಹೊರಟವರ ಪಟ್ಟಿಗಳೂ 1890ರಿಂದ ಈಚೆಯವು ಮಾತ್ರ ಉಳಿದಿವೆ. 1907ರ ಕಾನೂನಿನ ನಂತರದ ಅಮೆರಿಕನ್ ಪಟ್ಟಿಗಳು ಬೇರೆಯೇ ಲೋಕ: ಊರಲ್ಲಿ ಬಿಟ್ಟುಬಂದ ಹತ್ತಿರದ ನೆಂಟರು ಯಾರು, ಅವರ ವಿಳಾಸ ಏನು, ಇಲ್ಲಿ ಯಾರ ಮನೆಗೆ ಹೋಗುತ್ತಿದ್ದೀರಿ, ಎಲ್ಲ ಇದೆ.

ಹಾಗಾದರೆ 1880ರ ದಶಕದಲ್ಲಿ ಬಂದವರ ಗತಿ ಏನು? ನಮಗೆ ದಾರಿ ತೋರಿಸಿದ್ದು ಇಂಟು ಗುರುತು ಹಾಕಿದ ಆ ಮಗಳು. ಅವಳ ಗಂಡನ ಮನೆತನದ ಹೆಸರು, ಅದೇ ಟೌನ್‌ಲ್ಯಾಂಡ್ ಇಟ್ಟುಕೊಂಡು 1907ರ ನಂತರದ ಬಾಸ್ಟನ್ ಪಟ್ಟಿಗಳನ್ನು ನೋಡಿದೆವು. 1910ರಲ್ಲಿ ಅವಳ ಮಗಳು ಬಂದಿದ್ದಾಳೆ. ಊರಲ್ಲಿರುವ ನೆಂಟರು: ತಾಯಿ. ಹೋಗುತ್ತಿರುವುದು: ಸೋದರಮಾವನ ಮನೆಗೆ. ಪಕ್ಕದಲ್ಲಿ ಅಜ್ಜನ ಹೆಸರು, ಅಜ್ಜನ ಬೀದಿಯ ಹೆಸರು. ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಆ ಒಂದು ಸಾಲಿನಿಂದ ಗಟ್ಟಿಯಾಯಿತು. ಅಜ್ಜನ ಸ್ವಂತ ಪ್ರಯಾಣದ ಸುಳಿವು ಸಿಕ್ಕಿದ್ದು ಅದರ ನಂತರ. 1883 ಮತ್ತು 1884ರಲ್ಲಿ ಇಂಗ್ಲೆಂಡಿನ ದಾನಿ ಜೇಮ್ಸ್ ಹ್ಯಾಕ್ ಟ್ಯೂಕ್ ಅವರ ನಿಧಿಯ ನೆರವಿನಿಂದ ಬೆಲ್‌ಮುಲೆಟ್ ಹತ್ತಿರದ ಬ್ಲ್ಯಾಕ್‌ಸಾಡ್ ಕೊಲ್ಲಿಯಿಂದ ಮೂರು ಸಾವಿರಕ್ಕೂ ಜಾಸ್ತಿ ಬಡ ರೈತರು ಬಾಸ್ಟನ್ ಮತ್ತು ಕ್ವಿಬೆಕ್‌ಗೆ ಹಡಗು ಹತ್ತಿದರು. ಅಣ್ಣನ ಸಂಸಾರದ ಜೊತೆ ಅಜ್ಜನೂ ಒಂದು ಪಟ್ಟಿಯಲ್ಲಿದ್ದಾರೆ. ಅಣ್ಣ, ಅತ್ತಿಗೆ, ಮಕ್ಕಳ ಹೆಸರು ಸಾಲಾಗಿ ಹೊಂದದೆ ಇದ್ದಿದ್ದರೆ ಅದನ್ನು ನಾನು ಒಪ್ಪುತ್ತಿರಲಿಲ್ಲ.

ದುಡ್ಡು ಕೊಟ್ಟು ಬಳಸುವ ತಾಣಗಳ ಬಗ್ಗೆ ಎರಡು ಮಾತು. ಒಂದು ಕಡೆ ನನಗೆ ಗೊತ್ತಾಗದ ಹಾಗೆ ಚಂದಾ ತಾನಾಗಿಯೇ ನವೀಕರಣವಾಯಿತು, ದುಡ್ಡು ವಾಪಸ್ ಪಡೆಯಲು ತುಂಬಾ ಓಡಾಡಬೇಕಾಯಿತು. ಹಡಗಿನ ಪಟ್ಟಿಗೆ ಅಂತ ಬೇಕಾದಾಗ ಒಂದು ತಿಂಗಳ ಚಂದಾ ಕಟ್ಟಿ, ಕೆಲಸ ಮುಗಿಸಿ, ಅದೇ ದಿನ ರದ್ದು ಮಾಡಿ. ಇನ್ನೊಂದು, ಬೇರೆಯವರು ಹಾಕಿರುವ ವಂಶವೃಕ್ಷಗಳನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. 1892ರ ಜನವರಿ 1ರಂದು ನ್ಯೂಯಾರ್ಕ್‌ನ ವಲಸಿಗರ ಕೇಂದ್ರವಾದ ಎಲಿಸ್ ದ್ವೀಪದಲ್ಲಿ ಮೊದಲು ಇಳಿದ ಕಾರ್ಕ್‌ನ ಹುಡುಗಿ ಆ್ಯನಿ ಮೂರ್ ಟೆಕ್ಸಸ್‌ಗೆ ಹೋಗಿ ಅಲ್ಲೇ ತೀರಿಕೊಂಡಳು ಅಂತ ದಶಕಗಟ್ಟಲೆ ಎಲ್ಲರೂ ನಂಬಿದ್ದರು. ಆ ಟೆಕ್ಸಸ್‌ನ ಆ್ಯನಿ ಹುಟ್ಟಿದ್ದು ಇಲಿನಾಯ್‌ನಲ್ಲಿ ಅಂತ 2006ರಲ್ಲಿ ವಂಶ ಸಂಶೋಧಕಿ ಮೇಗನ್ ಸ್ಮೋಲೆನ್ಯಾಕ್ ತೋರಿಸಿಕೊಟ್ಟರು. ನಿಜವಾದ ಆ್ಯನಿ ನ್ಯೂಯಾರ್ಕ್ ಬಿಟ್ಟು ಹೋಗಿರಲೇ ಇಲ್ಲ. ಇಷ್ಟು ಹೆಸರಾದವಳ ವಿಷಯದಲ್ಲೇ ಹೀಗೆ ಆಗಬಹುದಾದರೆ, ನಮ್ಮ ನಿಮ್ಮ ಮನೆಯ ಅಜ್ಜನ ವಿಷಯದಲ್ಲಿ ಆಗದೆ ಇರುತ್ತದೆಯೇ?

ನಿಮ್ಮವರು ಉತ್ತರ ಐರ್ಲೆಂಡಿನವರಾದರೆ ನೀವು ಅದೃಷ್ಟವಂತರು. ಅಲ್ಲಿನ ರಿವಿಜನ್ ಪುಸ್ತಕಗಳನ್ನು ಬೆಲ್‌ಫಾಸ್ಟ್‌ನ ಸಾರ್ವಜನಿಕ ದಾಖಲೆ ಕಚೇರಿ ಉಚಿತವಾಗಿ ಆನ್‌ಲೈನ್‌ನಲ್ಲಿ ಇಟ್ಟಿದೆ. ಬ್ರಿಟಿಷ್ ಸೈನ್ಯ ಸೇರಿ ಬೆಂಗಳೂರಿನ ದಂಡಿಗೆ ಬಂದ ಐರಿಶ್ ಸೈನಿಕರ ಸಂಸಾರಗಳಿಗೆ ಈ ಹಡಗಿನ ಪಟ್ಟಿಗಳು ಉಪಯೋಗಕ್ಕೆ ಬರುವುದಿಲ್ಲ. ಅವರ ಮದುವೆ, ಬ್ಯಾಪ್ಟಿಸಂ, ಸಮಾಧಿಯ ದಾಖಲೆಗಳನ್ನು ಲಂಡನ್‌ನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ಕಡತಗಳಲ್ಲಿ, ಮದ್ರಾಸ್ ಪ್ರಾಂತ್ಯದ ಪುಸ್ತಕಗಳಲ್ಲಿ ಹುಡುಕಬೇಕು.