ನಾಬ್, ಟಚ್ ಸ್ಕ್ರೀನ್, ಚಕ್ರ, ಮಾತು: ಗಾಜು ಮಬ್ಬಾದಾಗ ಯಾವುದು ಕೈಗೆ ಸಿಗುತ್ತದೆ?

ಈಚೆಗೆ ಮೂರು ಬೇರೆ ಬೇರೆ ಕಾರು ಓಡಿಸಿದೆ. ಒಂದು ಹಳೆಯದು, ಎಸಿಗೆ ಮೂರು ನಾಬ್ ಇರುವಂಥದ್ದು. ಎರಡನೆಯದರಲ್ಲಿ ದೊಡ್ಡ ಟಚ್ ಸ್ಕ್ರೀನ್ ಬಿಟ್ಟರೆ ಡ್ಯಾಶ್‌ಬೋರ್ಡ್ ಬೋಳು. ಮೂರನೆಯದರಲ್ಲೂ ಸ್ಕ್ರೀನ್ ಇದೆ, ಆದರೆ ಅದನ್ನು ನಡೆಸಲು ಗೇರ್ ಪಕ್ಕದಲ್ಲಿ ತಿರುಗಿಸಿ ಒತ್ತುವ ಒಂದು ಚಕ್ರ. ಹೊಸ ಎರಡೂ ಮಾತು ಕೇಳುತ್ತವೆ, ಅಂದರೆ ಕೇಳಬೇಕು.

ಪರೀಕ್ಷೆಗೆ ನಾನು ಮುಖ್ಯವಾಗಿ ಇಟ್ಟುಕೊಂಡಿದ್ದು ಒಂದೇ ಕೆಲಸ. ಮಳೆಯಲ್ಲಿ ಮುಂದಿನ ಗಾಜು ಮಬ್ಬಾದಾಗ ಬಿಡಿಸುವುದು. ಅದು ಹೇಳಿಕೇಳಿ ಬರುವುದಿಲ್ಲ, ಬಂದಾಗ ಕಾಯಲು ಪುರುಸೊತ್ತೂ ಇರುವುದಿಲ್ಲ. ಪಕ್ಕದ ಸೀಟಿನಲ್ಲಿದ್ದ ಗೆಳೆಯ ನನ್ನ ಕಣ್ಣು ಎಷ್ಟು ಸಲ ರಸ್ತೆ ಬಿಟ್ಟಿತು ಅಂತ ಎಣಿಸುತ್ತಿದ್ದ.

ಹಳೆ ಕಾರಿನಲ್ಲಿ ಸೊನ್ನೆ. ಬಲಗಡೆಯ ನಾಬ್ ಕೊನೆಯವರೆಗೆ ತಿರುಗಿಸಿದರೆ ಗಾಳಿ ಗಾಜಿಗೆ, ನಡುವಿನದು ಫ್ಯಾನ್. ಟಕ್ ಟಕ್ ಅಂತ ಬೆರಳಿಗೇ ಲೆಕ್ಕ ಸಿಗುತ್ತದೆ. ನಾಬ್‌ನ ಹಿಂದೆ ಕೇಬಲ್, ಕೇಬಲ್‌ನ ತುದಿಗೆ ಗಾಳಿ ತಿರುಗಿಸುವ ಬಾಗಿಲು, ಅಷ್ಟೇ ಅದರ ತಂತ್ರಜ್ಞಾನ.

ಟಚ್ ಸ್ಕ್ರೀನ್ ಕಾರಿನಲ್ಲಿ ಮೊದಲ ಸಲ ನಾಲ್ಕು ಸಲ ಕಣ್ಣು ಹೋಯಿತು. ಮ್ಯಾಪ್ ತೆರೆದಿತ್ತು. ಎಸಿ ಪುಟ ತೆರೆದೆ, ಗಾಜಿನ ಚಿತ್ರ ಹುಡುಕಿದೆ, ರಸ್ತೆ ಕುಲುಕಿ ಪಕ್ಕದ್ದನ್ನು ಒತ್ತಿದೆ, ಮತ್ತೆ ಒತ್ತಿದೆ. ವಾರ ಕಳೆದ ಮೇಲೂ ಎರಡಕ್ಕಿಂತ ಕಡಿಮೆ ಆಗಲಿಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ 2 ಸೆಕೆಂಡ್ ಕಣ್ಣು ತೆಗೆದರೆ ಕಾರು 55 ಮೀಟರ್ ಮುಂದೆ ಹೋಗಿರುತ್ತದೆ.

ಒತ್ತಿದ ಮೇಲೆ ಸ್ಕ್ರೀನ್ ಒಂದು ಕ್ಷಣ ಸುಮ್ಮನಿರುತ್ತದಲ್ವಾ, ಆ ತಡ ಎಲ್ಲಿಯದು ಅಂತ ನನಗೆ ಕುತೂಹಲ. ತಂತಿಯದ್ದಲ್ಲ. ಕಾರಿನ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವುದು ಬಾಷ್ ಕಂಪನಿ 1986ರಲ್ಲಿ ಹೊರತಂದ ಕ್ಯಾನ್ ಬಸ್ ಎಂಬ ಜೋಡಿ ತಂತಿಯ ಮೇಲೆ. ಅದರಲ್ಲಿ ಒಂದು ಸಂದೇಶ ಸಾಗಲು ಒಂದು ಮಿಲಿಸೆಕೆಂಡೂ ಬೇಕಾಗಿಲ್ಲ. ಪ್ರತಿ ಸಂದೇಶಕ್ಕೂ ಒಂದು ಗುರುತಿನ ಸಂಖ್ಯೆ ಇರುತ್ತದೆ, ಎರಡು ಸಂದೇಶ ಒಟ್ಟಿಗೆ ಹೊರಟರೆ ಚಿಕ್ಕ ಸಂಖ್ಯೆಯದಕ್ಕೆ ದಾರಿ ಮೊದಲು. ತಡ ಮಾಡುವುದು ಸ್ಕ್ರೀನ್ ಹಿಂದಿನ ಕಂಪ್ಯೂಟರ್. ಮ್ಯಾಪ್, ಹಾಡು, ಫೋನ್ ಎಲ್ಲ ಅದರ ತಲೆ ಮೇಲೆ. ನಡುವೆ ನನ್ನ ಬೆರಳು ಗಾಜಿನ ಕೆಳಗಿನ ವಿದ್ಯುತ್ ಕ್ಷೇತ್ರವನ್ನು ಎಲ್ಲಿ ಕದಲಿಸಿತು ಅಂತಲೂ ನೋಡಬೇಕು. ಬೆರಳು ಒದ್ದೆಯಾಗಿದ್ದರೆ ಅಲ್ಲೂ ಗೊಂದಲ.

ಅಂದರೆ ಟಚ್ ಇದ್ದರೆ ಹೊಸ ತಂತ್ರಜ್ಞಾನ, ಬಟನ್ ಇದ್ದರೆ ಹಳೆಯದು ಅನ್ನುವುದು ಸುಳ್ಳು. ಇವತ್ತಿನ ಬಹಳಷ್ಟು ಬಟನ್‌ಗಳೂ ಅದೇ ತರಹದ ತಂತಿಗೆ ಸಂದೇಶ ಬಿಡುತ್ತವೆ. ಹೋಗಲಿ, ಕಾರಿನ ಟಚ್ ಸ್ಕ್ರೀನ್ ಕೂಡ ಹೊಸದೇನಲ್ಲ. 1986ರ ಬ್ಯೂಕ್ ರಿವಿಯೆರಾದಲ್ಲೇ ಇತ್ತು, ಅದೂ ಹಳೆ ಟಿವಿಯಂಥ ಪರದೆ!

ಸ್ವೀಡನ್ನಿನ 'ವಿ ಬಿಲಾಗಾರೆ' ಪತ್ರಿಕೆ 2022ರಲ್ಲಿ ಇದನ್ನೇ ಗಂಟೆಗೆ 110 ಕಿ.ಮೀ. ವೇಗದಲ್ಲಿ ಅಳೆದಿತ್ತು. ನಾಲ್ಕು ಕೆಲಸ ಮುಗಿಸಲು ಬಟನ್‌ಗಳಿರುವ 2005ರ ವೋಲ್ವೋ ವಿ70ಗೆ 10 ಸೆಕೆಂಡ್ ಸಾಕಾಯಿತು. ಎಲ್ಲಕ್ಕಿಂತ ನಿಧಾನದ್ದು ಎಂಜಿ ಮಾರ್ವೆಲ್ ಆರ್, 44.9 ಸೆಕೆಂಡ್. ಅಷ್ಟರಲ್ಲಿ ಕಾರು 1,372 ಮೀಟರ್ ಸಾಗಿತ್ತು.

ಚಕ್ರದ ಕಾರು ನಡುವಿನದು. ಬಿಎಂಡಬ್ಲ್ಯೂ 2001ರಲ್ಲಿ ಐಡ್ರೈವ್ ಅಂತ ತಂದಾಗ ಜನ ಬೈದಿದ್ದೇ ಜಾಸ್ತಿ. ಆಮೇಲೆ ಚಕ್ರದ ಸುತ್ತ ನೇರ ಬಟನ್ ಇಟ್ಟರು, ಸುಧಾರಿಸಿತು. ನಾನು ಓಡಿಸಿದ್ದರಲ್ಲೂ ಹಾಗೇ ಬಟನ್ ಇದ್ದವು. ಕೈ ಊರಲು ಜಾಗ ಇರುವುದರಿಂದ ಕುಲುಕಿದರೂ ತಪ್ಪುವುದಿಲ್ಲ. ಪಟ್ಟಿಯಲ್ಲಿ ಇಳಿಯಲು ಇದು ಸೊಗಸು. ಊರಿನ ಹೆಸರು ಒಂದೊಂದೇ ಅಕ್ಷರ ತಿರುಗಿಸಿ ಬರೆಯಲು ಮಾತ್ರ ತಾಳ್ಮೆ ಬೇಕು. ಅಲ್ಲಿ ಟಚ್ ಗೆದ್ದಿತು, ಮ್ಯಾಪ್ ಹಿಗ್ಗಿಸಿ ನೋಡುವುದರಲ್ಲೂ ಗೆದ್ದಿತು.

ಮಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋನ್ ಮಾಡಲು ಚೆನ್ನ. ಗಾಜು ಮಬ್ಬಾದಾಗ ಫ್ಯಾನ್ ಪೂರ್ತಿ ಬೀಸುತ್ತಿತ್ತು, ನಾನು ಹೇಳಿದ್ದು ಮೈಕ್‌ಗೆ ಕೇಳಿಸಲೇ ಇಲ್ಲ.

ಎಲ್ಲವನ್ನೂ ಒಂದೇ ಸ್ಕ್ರೀನಿಗೆ ಕಟ್ಟಿಹಾಕಿದರೆ ಅದು ಕೆಟ್ಟ ದಿನ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಟೆಸ್ಲಾ 2021ರಲ್ಲಿ ಸುಮಾರು 1,35,000 ಮಾಡೆಲ್ ಎಸ್ ಮತ್ತು ಎಕ್ಸ್ ಕಾರುಗಳನ್ನು ರಿಪೇರಿಗೆ ವಾಪಸ್ ಕರೆಯಿತು. ಸ್ಕ್ರೀನ್ ಹಿಂದಿನ ಕಂಪ್ಯೂಟರ್‌ನಲ್ಲಿ ಮಾಹಿತಿ ಉಳಿಸುವ 8 ಜಿಬಿ ಫ್ಲ್ಯಾಶ್ ಚಿಪ್ ಬರೆದು ಅಳಿಸಿ ಸವೆದು ಹೋಗುತ್ತಿತ್ತು. ಸ್ಕ್ರೀನ್ ಜೊತೆ ಹಿಂದಿನ ಕ್ಯಾಮೆರಾ ಹೋಗುತ್ತಿತ್ತು, ಗಾಜಿನ ಮಬ್ಬು ಬಿಡಿಸುವ ಸೆಟ್ಟಿಂಗೂ ಕೈತಪ್ಪುತ್ತಿತ್ತು.

ನನ್ನ ಆಯ್ಕೆ ಚಕ್ರ ಮತ್ತು ಬಟನ್ ಇರುವ ಕಾರು, ಮ್ಯಾಪ್‌ಗೆ ಮಾತ್ರ ಟಚ್ ಕೊಟ್ಟರೆ ಇನ್ನೂ ಸಂತೋಷ. ಸದ್ಯಕ್ಕೆ ದಿನವೂ ಓಡಿಸುತ್ತಿರುವುದು ಸ್ಕ್ರೀನ್ ಕಾರನ್ನೇ. ಡಿಫಾಗರ್, ಅಂದರೆ ಮಬ್ಬು ಬಿಡಿಸುವ ಬಟನ್‌ನ ಚಿತ್ರವನ್ನು ಕೆಳಗಿನ ಸಾಲಿನ ಮೂಲೆಗೆ ಎಳೆದಿಟ್ಟುಕೊಂಡಿದ್ದೇನೆ, ಹೊರಡುವ ಮುಂಚೆಯೇ ಎಸಿ ಆಟೋಗೆ ಹಾಕುತ್ತೇನೆ. ಗೆಳೆಯನ ಲೆಕ್ಕ ಈಗ ಒಂದಕ್ಕೆ ಇಳಿದಿದೆ.