ಕಾಕಟೀಲ್ ಹಕ್ಕಿಗೆ ನವಣೆ ತೆನೆ: ಆರು ವಾರಗಳ ಬಳಕೆಯ ನಂತರ

ಸಾಕುಹಕ್ಕಿಗಳ ಅಂಗಡಿಯಲ್ಲಿ ‘ಮಿಲೆಟ್ ಸ್ಪ್ರೇ’ ಎಂಬ ಹೆಸರಿನಲ್ಲಿ ಮಾರುವ ಪೊಟ್ಟಣವನ್ನು ಮೊದಲ ಬಾರಿ ಮನೆಗೆ ತಂದಾಗ, ಚಿತ್ರದುರ್ಗದ ಕಡೆಯವರಾದ ನಮ್ಮ ಅತ್ತೆ ಅದನ್ನು ಕೈಗೆತ್ತಿಕೊಂಡು, “ಇದು ನವಣೆ ತೆನೆಯಲ್ಲವೇ?” ಎಂದರು. ಅವರ ಮಾತು ನಿಜ. ಬಯಲುಸೀಮೆಯ ಹೊಲಗಳಲ್ಲಿ ಬೆಳೆಯುವ ನವಣೆಯನ್ನೇ ಕಾಳು ಬಿಡಿಸದೆ, ಕಡ್ಡಿಯ ಸಮೇತ ಒಣಗಿಸಿ 100 ಗ್ರಾಂಗೆ 180 ರೂಪಾಯಿಯಂತೆ ಮಾರುತ್ತಾರೆ. ಬೆಲೆ ಹೆಚ್ಚೆನಿಸಿದರೂ, ಹೆದರಿದ ಹಕ್ಕಿಯ ವಿಶ್ವಾಸ ಗಳಿಸಲು ನಾನು ಬಳಸಿದ ವಸ್ತುಗಳಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೊಂದಿಲ್ಲ.

ನಮ್ಮದು ಒಂದು ವರ್ಷದ ಹೆಣ್ಣು ಕಾಕಟೀಲ್, ಅಂದರೆ ತಲೆಯ ಮೇಲೆ ಜುಟ್ಟಿರುವ, ಗಿಳಿಯ ಬಳಗದ ಪುಟ್ಟ ಹಕ್ಕಿ. ಮೊದಲಿದ್ದ ಕಡೆ ಪ್ರತಿ ಸಲವೂ ಮುಷ್ಟಿಯಲ್ಲಿ ಹಿಡಿದೇ ಹೊರತೆಗೆಯುತ್ತಿದ್ದುದರಿಂದ, ಕೈ ಕಂಡರೆ ಸಾಕು, ಜುಟ್ಟನ್ನು ತಲೆಗೆ ಒತ್ತಿಕೊಂಡು ಬುಸುಗುಡುತ್ತಿತ್ತು. ತೆನೆಯ ದೊಡ್ಡ ಗುಣವೆಂದರೆ ಅದರ ಉದ್ದ. ಗೇಣುದ್ದದ ತೆನೆಯ ಒಂದು ತುದಿಯನ್ನು ನಾವು ಹಿಡಿದು ಇನ್ನೊಂದು ತುದಿಯನ್ನು ಪಂಜರದ ಸರಳಿನ ಬಳಿ ಚಾಚಿದರೆ, ಎಷ್ಟು ಹತ್ತಿರ ಬರಬೇಕೆಂಬುದನ್ನು ಹಕ್ಕಿಯೇ ತೀರ್ಮಾನಿಸಬಹುದು. ಜುಟ್ಟು ಒತ್ತಿಕೊಂಡ ಕೂಡಲೇ ನಾನು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆ. ತನಗೆ ಬೇಡವೆನಿಸಿದಾಗ ಕೈ ದೂರ ಸರಿಯುತ್ತದೆಂದು ಅದಕ್ಕೆ ಖಾತ್ರಿಯಾದ ಮೇಲೆಯೇ ಅದು ಮುಂದೆ ಬರತೊಡಗಿತು. ಕೆಲವು ದಿನಗಳಿಗೊಮ್ಮೆ ಹಿಡಿತವನ್ನು ಒಂದೊಂದು ಬೆರಳಿನಷ್ಟು ಮುಂದಕ್ಕೆ ತಂದೆ. ಹತ್ತೊಂಬತ್ತನೆಯ ದಿನ ಅದು ಒಂದು ಕಾಲನ್ನು ಕೂರುಕಡ್ಡಿಯ ಮೇಲೇ ಇಟ್ಟುಕೊಂಡು, ಇನ್ನೊಂದನ್ನು ನನ್ನ ತೋರುಬೆರಳಿನ ಮೇಲಿರಿಸಿ ತಿನ್ನತೊಡಗಿತು. ಸುಲಿದ ಹೊಟ್ಟು ಅಂಗೈಗೆ ಉದುರುತ್ತಿತ್ತು. ನಾನು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆ.

ತೆನೆ ಹಕ್ಕಿಯನ್ನು ಕೈಯವರೆಗೆ ಕರೆತರುತ್ತದೆಯೇ ಹೊರತು, ಆಮೇಲೆ ಅದನ್ನು ಹೇಗೆ ಮುದ್ದಿಸಬೇಕೆಂದು ಪೊಟ್ಟಣದ ಮೇಲೆ ಒಂದು ಸಾಲೂ ಇಲ್ಲ. ಇದನ್ನು ನಾನು ಗಂಭೀರ ಕೊರತೆಯೆಂದೇ ಎಣಿಸುತ್ತೇನೆ. ನಾಯಿ, ಬೆಕ್ಕುಗಳನ್ನು ಸವರುವಂತೆ ಬೆನ್ನಿನಿಂದ ಬಾಲದವರೆಗೆ ಸವರುವುದು, ರೆಕ್ಕೆಯ ಅಡಿಯಲ್ಲಿ ಬೆರಳಾಡಿಸುವುದು ಹಕ್ಕಿಗೆ ಜೋಡಿಯ ಸ್ಪರ್ಶವೆಂದೇ ಅರ್ಥವಾಗುತ್ತದೆ. ಇದರಿಂದ ಪ್ರಚೋದನೆಗೊಂಡ ಹೆಣ್ಣು ಹಕ್ಕಿ ಗಂಡಿಲ್ಲದೆಯೂ ಮೇಲಿಂದ ಮೇಲೆ ಮೊಟ್ಟೆಯಿಡತೊಡಗಿದರೆ ಅದರ ದೇಹದ ಕ್ಯಾಲ್ಸಿಯಂ ಕರಗುತ್ತದೆ, ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಪ್ರಾಣಕ್ಕೂ ಕುತ್ತು. ಪ್ರೀತಿಯಿಂದಲೇ ಆದರೂ ಎದೆಯನ್ನು ಅಮುಕಿ ಹಿಡಿಯಬಾರದು. ನಮಗಿರುವಂತೆ ಎದೆ, ಹೊಟ್ಟೆಗಳ ನಡುವೆ ಉಸಿರಾಟಕ್ಕೆ ನೆರವಾಗುವ ಸ್ನಾಯುವಾದ ವಪೆ ಹಕ್ಕಿಗಳಿಗಿಲ್ಲದ ಕಾರಣ, ಎದೆಗೂಡು ಅಲುಗಾಡದಿದ್ದರೆ ಅವಕ್ಕೆ ಉಸಿರಾಟವೇ ಸಾಧ್ಯವಿಲ್ಲ. ನಮ್ಮ ಎಂಜಲಿನಲ್ಲಿರುವ ಬ್ಯಾಕ್ಟೀರಿಯಾಗಳು ಅವಕ್ಕೆ ಹಾನಿ ಮಾಡಬಲ್ಲವಾದ್ದರಿಂದ ಕೊಕ್ಕಿಗೆ ಮುತ್ತಿಡುವುದೂ ಬೇಡ. ತಲೆ, ಕೆನ್ನೆ, ಕತ್ತಿನ ಹಿಂಭಾಗ, ಇಷ್ಟೇ ನಮ್ಮ ಬೆರಳಿಗೆ ಸಲ್ಲುವ ಜಾಗ. ಅದೂ ಹಕ್ಕಿಯೇ ತಲೆ ತಗ್ಗಿಸಿ, ಕತ್ತಿನ ಪುಕ್ಕಗಳನ್ನು ಉಬ್ಬಿಸಿಕೊಂಡು ಕೇಳಿದಾಗ ಮಾತ್ರ. ಪುಕ್ಕ ಬದಲಾಗುವ ಕಾಲದಲ್ಲಿ ಮೊಳೆತ ಹೊಸ ಗರಿಗಳಿಗೆ ಬೆರಳು ತಾಕಿದರೆ ನೋವಾಗುವುದರಿಂದ ಆಗ ಇನ್ನೂ ಹಗುರವಾಗಿ ಮುಟ್ಟಬೇಕು.

ನವಣೆಯಲ್ಲಿ ಎ ಜೀವಸತ್ವವೂ ಕ್ಯಾಲ್ಸಿಯಮ್ಮೂ ಸಾಲದಾದ್ದರಿಂದ ಇದು ಊಟವಾಗಲಾರದು. ನಾನು ದಿನಕ್ಕೆ ಎರಡು ಅಂಗುಲದಷ್ಟನ್ನು ಮಾತ್ರ, ಕೈಯಿಂದಲೇ ಕೊಡುತ್ತೇನೆ. ಇಡೀ ದಿನ ಪಂಜರದಲ್ಲಿ ನೇತುಹಾಕಿದರೆ ಕೈಯ ಬಳಿ ಬರಲು ಹಕ್ಕಿಗೆ ಕಾರಣವೇ ಉಳಿಯುವುದಿಲ್ಲ. ಹಾಗೆಂದು ತೆನೆಯ ಆಸೆ ಹುಟ್ಟಿಸಲು ಅದನ್ನು ಹಸಿವಿನಲ್ಲಿಡುವುದು ಕ್ರೌರ್ಯ.

ನಾನು ಕೊಂಡ ಎರಡನೆಯ ಪೊಟ್ಟಣದಲ್ಲಿ ಮುಗ್ಗಲು ವಾಸನೆಯಿದ್ದು, ಕಡ್ಡಿಗಳ ಬುಡದಲ್ಲಿ ಬೂದು ಬೂಷ್ಟು ಕಾಣಿಸಿತು. ಬೂಷ್ಟಿನಿಂದ ಹಕ್ಕಿಗಳ ಶ್ವಾಸಕೋಶಕ್ಕೆ ಸೋಂಕು ತಗಲುವುದರಿಂದ ಅದನ್ನು ಎಸೆಯಬೇಕಾಯಿತು. ಅಂಗಡಿಯವರು ಹಣ ಹಿಂದಿರುಗಿಸಲಿಲ್ಲ. ಕೊಳ್ಳುವವರು ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿಯೇ ಕೊಳ್ಳಲಿ. ಹಳ್ಳಿಯಲ್ಲಿ ನೆಂಟರಿದ್ದವರು ಔಷಧಿ ಹೊಡೆಯದ ಹೊಲದ ತೆನೆಯನ್ನೇ ತರಿಸಿ, ಚೆನ್ನಾಗಿ ಒಣಗಿಸಿ ಇಟ್ಟುಕೊಳ್ಳಬಹುದು. ಬಿತ್ತನೆಗೆಂದು ಔಷಧಿ ಲೇಪಿಸಿದ ಕಾಳನ್ನು ಮಾತ್ರ ಹಕ್ಕಿಯ ಹತ್ತಿರವೂ ತರಬಾರದು. ಕಳೆದ ವಾರದಿಂದ ಅತ್ತೆಯ ಊರಿನ ತೆನೆಗಳನ್ನೇ ಕೊಡುತ್ತಿದ್ದೇನೆ. ಅಂಗಡಿಯ ತೆನೆಗೂ ಇದಕ್ಕೂ ನಮ್ಮ ಹಕ್ಕಿ ಯಾವ ಭೇದವನ್ನೂ ತೋರಿಸಿಲ್ಲ.